ಗೋಧಿ ಬಿಸ್ಕತ್ತಿನಲ್ಲಿ ಗೋಧಿ ಎಷ್ಟು? ಬರೆದು ತಿಳಿಸಲಿ

ಮಾನ್ಯ ಸಂಪಾದಕರೇ,

ನಮ್ಮ ಸಿಂಧನೂರಿನ ಒಂದು ಬೇಕರಿಯಿಂದ ಮಗಳ ಡಬ್ಬಿಗೆಂದು 'ಗೋಧಿ ಚೀಸ್ ಖಾರಾ ಬಿಸ್ಕತ್ತು' ತರುತ್ತಿದ್ದೆ. ಮೈದಾ ಬೇಡ ಅಂತಲೇ ಜಾಸ್ತಿ ದುಡ್ಡು ಕೊಡುತ್ತಿದ್ದೆ. ಒಂದು ದಿನ ವಿಚಾರಿಸಿದರೆ, "ಮುಕ್ಕಾಲು ಮೈದಾನೇ ಅಕ್ಕಾ, ಬರೀ ಗೋಧಿ ಹಾಕಿದ್ರೆ ಗರಿಗರಿ ಬರಲ್ಲ" ಎಂದರು. ಮುಚ್ಚಿಡದೆ ಹೇಳಿದರಲ್ಲ, ಅದಕ್ಕೆ ಸಂತೋಷ. ಆದರೆ ಗರಿಗರಿ ಬರಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಬರುತ್ತಿದೆ.

200 ಗ್ರಾಂ ಗೋಧಿ ಹಿಟ್ಟು ಸಾಕು. ಗಿರಣಿಯಲ್ಲಿ ಬೀಸಿಸಿದ್ದೇ ಇರಲಿ, ಜರಡಿ ಹಿಡಿದು ತೌಡು ತೆಗೆಯಬೇಡಿ. ತಣ್ಣಗಿನ ಬೆಣ್ಣೆ 80 ಗ್ರಾಂ ಹಾಕಿ ಬೆರಳ ತುದಿಯಿಂದ ಉಜ್ಜಿದರೆ ಹಿಟ್ಟು ದಪ್ಪ ರವೆಯಂತಾಗುತ್ತದೆ. ಅದಕ್ಕೆ ತುರಿದ ಚೀಸ್ 100 ಗ್ರಾಂ, ಒಂದು ಚಮಚ ಅಜವಾನ, ಕುಟ್ಟಿದ ಕರಿಮೆಣಸು ಅರ್ಧ ಚಮಚ. ಉಪ್ಪು ಬೇಡ, ಅಂಗಡಿಯ ಚೀಸಿನಲ್ಲೇ ಬೇಕಾದಷ್ಟಿರುತ್ತದೆ. ಎರಡು ಚಮಚ ಬಿಳಿ ಜೋಳದ ಹಿಟ್ಟು ಬೆರೆಸಿದರೆ ಇನ್ನೂ ಚೆನ್ನ. ಆಮೇಲೆ ತಣ್ಣನೆ ಹಾಲನ್ನು ಒಂದೊಂದೇ ಚಮಚ ಹಾಕುತ್ತಾ ಉಂಡೆ ಕಟ್ಟುವಷ್ಟು ಮಾತ್ರ ಕಲಸಬೇಕು. ಚಪಾತಿಯ ಹಾಗೆ ನಾದಬಾರದು.

ಬಿಸ್ಕತ್ತು ಕೆಡುವುದು ಹೆಚ್ಚಾಗಿ ಇಲ್ಲೇ. ತೌಡು ನಿಧಾನಕ್ಕೆ ನೀರು ಹೀರುತ್ತದೆ. ಕಲಸಿದ ಕೂಡಲೇ ಲಟ್ಟಿಸಿದರೆ ಅಂಚು ಒಡೆಯುತ್ತದೆ. ಅದನ್ನು ನೋಡಿ ಇನ್ನಷ್ಟು ಹಾಲು ಸುರಿದರೆ ಬಿಸ್ಕತ್ತು ಗಟ್ಟಿಯಾಗುತ್ತದೆ. ಅರ್ಧ ಗಂಟೆ ಫ್ರಿಡ್ಜಿನಲ್ಲಿಟ್ಟರೆ ಹಿಟ್ಟು ತಾನಾಗಿ ಹದಕ್ಕೆ ಬರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಬೆಣ್ಣೆ ಕೈಯಲ್ಲೇ ಕರಗುತ್ತದೆ, ಹಾಗಾಗಿ ಫ್ರಿಡ್ಜ್ ಬೇಕೇ ಬೇಕು. ತೌಡು ಹಿಟ್ಟಿನ ಜಿಗುಟನ್ನು ತುಂಡರಿಸುತ್ತದೆ ನಿಜ. ಬ್ರೆಡ್ಡಿಗೆ ಅದು ತೊಂದರೆ. ಆದರೆ ಬಿಸ್ಕತ್ತಿಗೆ ಜಿಗುಟು ಯಾಕೆ ಬೇಕು?

ತೆಳ್ಳಗೆ ಲಟ್ಟಿಸಿ, ಚೌಕ ಕತ್ತರಿಸಿ, ಫೋರ್ಕಿನಿಂದ ಚುಚ್ಚಿ, 180 ಡಿಗ್ರಿಯಲ್ಲಿ 15ರಿಂದ 18 ನಿಮಿಷ ಬೇಯಿಸಬೇಕು. ಗೋಧಿ ಮೊದಲೇ ಕಂದು, ಮೇಲಿನ ಬಣ್ಣ ನೋಡಿದರೆ ಬೆಂದದ್ದು ತಿಳಿಯುವುದಿಲ್ಲ. ಒಂದನ್ನು ಮಗುಚಿ ಅಡಿ ನೋಡಬೇಕು. ಅಡಿ ಹೊಂಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಚೀಸ್ ಕೆಂಪಗಾಗಿದ್ದರೆ ಇಳಿಸಬಹುದು. ಬಿಸಿಯಲ್ಲಿ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಗರಿ. ಪೂರ್ತಿ ಆರದೆ ಡಬ್ಬಿಗೆ ಹಾಕಬೇಡಿ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ ಮಾಡಬಹುದು. ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಕರೆಂಟ್ ಹೋದರೂ ಚಿಂತೆಯಿಲ್ಲ.

ಇಷ್ಟೆಲ್ಲ ಬರೆದದ್ದು ಎಲ್ಲರೂ ಮನೆಯಲ್ಲೇ ಮಾಡಲಿ ಅಂತಲ್ಲ. ಹೊಲಕ್ಕೆ, ಕೆಲಸಕ್ಕೆ ಹೋಗುವ ತಾಯಂದಿರಿಗೆ ಅಷ್ಟು ಸಮಯ ಎಲ್ಲಿ? ಅವರು ಬೇಕರಿಯನ್ನು ನಂಬಿ ಕೊಳ್ಳುತ್ತಾರೆ. ಅದಕ್ಕೇ ಈ ಪತ್ರ. ಪೊಟ್ಟಣದ ಬಿಸ್ಕತ್ತಾದರೆ ಏನೇನು ಹಾಕಿದ್ದಾರೆ ಎಂದು ಹಿಂದೆ ಅಚ್ಚಾಗಿರುತ್ತದೆ. ತೂಕದಲ್ಲಿ ಯಾವುದು ಜಾಸ್ತಿಯೋ ಅದೇ ಮೊದಲು ಬರಬೇಕೆಂಬ ನಿಯಮವಿದೆ. ಮುಂದುಗಡೆ ಗೋಧಿ ತೆನೆಯ ಚಿತ್ರವಿದ್ದು, ಹಿಂದೆ ಮೊದಲ ಹೆಸರೇ ಮೈದಾ ಆಗಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಗಾಜಿನ ಭರಣಿಯಿಂದ ತೂಗಿ ಕೊಡುವ ಬಿಡಿ ಬಿಸ್ಕತ್ತನ್ನು ತಿರುಗಿಸಿ ನೋಡಿದರೆ ಏನು ಸಿಗುತ್ತದೆ?

2020ರ ಅಕ್ಟೋಬರ್ 1ರಿಂದ ಬಿಡಿ ಸಿಹಿ ತಿಂಡಿಯ ಟ್ರೇ ಮುಂದೆ 'ಇಂಥ ದಿನದೊಳಗೆ ಬಳಸಿದರೆ ಉತ್ತಮ' ಎಂದು ಬರೆಯುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಕಡ್ಡಾಯ ಮಾಡಿತು. ಪೇಡಾ ಮುಂದೆ ತಾರೀಕು ಬರೆಯಲು ಆಗುವುದಾದರೆ, ಬಿಸ್ಕತ್ತಿನ ಭರಣಿಗೂ ಒಂದು ಚೀಟಿ ಅಂಟಿಸಬಹುದಲ್ವಾ? ಗೋಧಿ ಎಷ್ಟು, ಮೈದಾ ಎಷ್ಟು, ಹಾಕಿದ್ದು ಬೆಣ್ಣೆಯೋ ವನಸ್ಪತಿಯೋ ಎಂದಿದ್ದರೆ ಸಾಕು. ಮೈದಾ ಬಿಸ್ಕತ್ತು ಬೇಕಾದವರು ಅದನ್ನೇ ಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು ಬೇಕರಿ ಮಾಲೀಕರನ್ನು ಒಮ್ಮೆ ಕರೆದು ಮಾತಾಡಲಿ. ಶಾಲೆಗಳು ಶುರುವಾಗುವ ಮುಂಚೆಯೇ ಆದರೆ ಒಳ್ಳೆಯದು.

– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ