ಬಹುಮಾನವೂ ಬೇಡ, ಅರ್ಥವೂ ಬೇಡ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೂರ್ತ ಚಿತ್ರಕಲೆ (ಯಾವ ವಸ್ತುವನ್ನೂ ಹೋಲದ, ಬರೀ ಬಣ್ಣ ಗೆರೆಗಳ ಚಿತ್ರ) ಮತ್ತು ಮನಸ್ಸಿನ ನೆಮ್ಮದಿ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಇಡೀ ಪುಟ ಕೊಟ್ಟಿದ್ದು ಖುಷಿಯಾಯಿತು. ಆದರೆ ಅದೇ ಪುಟದ ಕೆಳಗೆ ಒಂದು ಸ್ಪರ್ಧೆಯನ್ನೂ ಪ್ರಕಟಿಸಿದ್ದೀರಿ. ಓದುಗರು ತಾವು ಬಿಡಿಸಿದ ಅಮೂರ್ತ ಚಿತ್ರ ಕಳಿಸಬೇಕು, ಅದರ ಅರ್ಥವನ್ನು 50 ಪದಗಳಲ್ಲಿ ಬರೆಯಬೇಕು, ಚೆನ್ನಾಗಿರುವುದಕ್ಕೆ ಬಹುಮಾನ. ಮೇಲೆ ನೆಮ್ಮದಿ, ಕೆಳಗೆ ಪರೀಕ್ಷೆ! ನನ್ನ ತಕರಾರು ಇರುವುದು ಈ ಸ್ಪರ್ಧೆಯ ಬಗ್ಗೆ.

ನಾನು ಕಲಾವಿದೆ ಅಲ್ಲ, ನಿವೃತ್ತ ನರ್ಸ್. ಕೆಲಸದಲ್ಲಿದ್ದಷ್ಟು ಕಾಲವೂ ರಾತ್ರಿ ಪಾಳಿ ತಪ್ಪಿದ್ದಲ್ಲ. ಐಸಿಯುನಲ್ಲಿ ರಾತ್ರಿ ಪೂರ್ತಿ ಕಳೆದವರಿಗೆ ಗೊತ್ತಿರುತ್ತದೆ, ಮನೆಗೆ ಬಂದು ಮಲಗಿದರೂ ಮಾನಿಟರಿನ ಸದ್ದು ಕಿವಿಯಿಂದ ಹೋಗುವುದಿಲ್ಲ. ಕಣ್ಣು ಮುಚ್ಚಿದರೆ ಯಾರದೋ ಬೆಡ್ಡಿನ ಹತ್ತಿರ ಏನೋ ಮರೆತು ಬಂದ ಹಾಗೆ. ಧ್ಯಾನ ಮಾಡಿ ಎಂದು ಎಲ್ಲರೂ ಹೇಳಿದರು. ಮಾಡಿದೆ. ಸುಮ್ಮನೆ ಕೂತರೆ ಸದ್ದು ಇನ್ನೂ ಜಾಸ್ತಿ ಕೇಳಿಸುತ್ತಿತ್ತು. ಕೈಗೆ ಕೆಲಸ ಬೇಕಿತ್ತು ನನಗೆ. ಬಣ್ಣ ಹಿಡಿದದ್ದು ಹಾಗೆ.

ನಾನು ಮಾಡುವುದು ಇಷ್ಟೇ. ದಪ್ಪ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸುತ್ತೇನೆ. ಅಗಲ ಬ್ರಶ್ಶಿನಿಂದ ಹಾಳೆ ಪೂರ್ತಿ ನೀರು ಬಳಿಯುತ್ತೇನೆ. ಬೆಳಕಿಗೆ ಓರೆ ಮಾಡಿ ನೋಡಿದರೆ ನೀರು ಪಳಪಳ ಹೊಳೆಯುತ್ತಿರುತ್ತದೆ. ಆಗ ಬಣ್ಣ ಹಾಕಿದರೆ ಅದು ನಮ್ಮ ಮಾತು ಕೇಳುವುದಿಲ್ಲ, ಓಡಿಹೋಗುತ್ತದೆ. ಹೊಳಪು ಇಳಿದು ಹಾಳೆ ಬರೀ ತೇವವಾಗಿ ಉಳಿಯುವ ಒಂದು ಗಳಿಗೆ ಬರುತ್ತದೆ. ಅದಕ್ಕೇ ಕಾಯಬೇಕು. ಆಗ ಅಲ್ಟ್ರಾಮರೀನ್ ನೀಲಿಯ ಒಂದು ಹನಿ ಬಿಟ್ಟರೆ ನಿಧಾನವಾಗಿ ಹರಡಿ, ಅಂಚಿನಲ್ಲಿ ಮಸುಕಾಗಿ ನಿಲ್ಲುತ್ತದೆ. ಆ ಬಣ್ಣದ ಕಣಗಳು ಸ್ವಲ್ಪ ದಪ್ಪ. ಹಾಳೆಯ ಗುಳಿಗಳಲ್ಲಿ ಇಳಿದು ಕೂತು, ಒಣಗಿದ ಮೇಲೆ ಸಣ್ಣ ಸಣ್ಣ ಚುಕ್ಕೆಯಾಗಿ ಕಾಣುತ್ತವೆ. ಪಕ್ಕದಲ್ಲಿ ಬರ್ನ್ಟ್ ಸಿಯೆನ್ನಾದ ಕಂದು ಇಟ್ಟರೆ, ಎರಡೂ ಸೇರುವ ಕಡೆ ತಾನಾಗಿಯೇ ಬೂದು ಹುಟ್ಟುತ್ತದೆ. ಅವಸರಪಟ್ಟು ಅರ್ಧ ಒಣಗಿದ ಬಣ್ಣದ ಮೇಲೆ ನೀರು ಬಿಟ್ಟಿರೋ, ಹೂಕೋಸಿನಂಥ ಕಲೆ ಎದ್ದೇಳುತ್ತದೆ. ಅದನ್ನು ಅಳಿಸಲಾಗುವುದಿಲ್ಲ, ಅದರ ಜೊತೆಯಲ್ಲೇ ಮುಂದೆ ಹೋಗಬೇಕು.

ಇದರಲ್ಲಿ ಮಂತ್ರ ಮಾಯ ಏನಿಲ್ಲ. ಹಾಳೆಯ ತೇವ ನೋಡುತ್ತಾ ಕೂತ ಕಣ್ಣಿಗೆ ಬೇರೆ ಯೋಚನೆಗೆ ಪುರುಸೊತ್ತಿಲ್ಲ, ಅಷ್ಟೇ. ಉದ್ದದ ಗೆರೆ ಎಳೆಯುವಾಗ ಉಸಿರು ತಾನಾಗಿ ನಿಧಾನವಾಗಿ ಹೊರಗೆ ಬರುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮ ಲೇಖನದಲ್ಲಿ 'ಮನಸ್ಸಿಗೆ ಬಂದಂತೆ ಬಣ್ಣ ಎರಚಿ' ಅನ್ನೋ ಧಾಟಿ ಇತ್ತಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಎರಚಿದರೆ ಎರಡು ನಿಮಿಷದ ಖುಷಿ. ಆಮೇಲೆ ನೆಲ ಒರೆಸುವ ಕೆಲಸ.

ಹಾಗಾದರೆ ಹೂವೋ ಮುಖವೋ ಬಿಡಿಸಬಾರದೇ? ಧಾರಾಳವಾಗಿ ಬಿಡಿಸಿ. ಆದರೆ ಮುಖ ಬಿಡಿಸಿದ ಕೂಡಲೇ ಮೂಗು ಸೊಟ್ಟ ಆಯ್ತು ಅಂತ ಯಾರಾದರೂ ಹೇಳುತ್ತಾರೆ. ಯಾರೂ ಹೇಳದಿದ್ದರೆ ನಾವೇ ಹೇಳಿಕೊಳ್ಳುತ್ತೇವೆ. ಅಮೂರ್ತ ಚಿತ್ರದಲ್ಲಿ ಹೋಲಿಸಿ ನೋಡಲು ಮೂಗೇ ಇಲ್ಲ. ದಣಿದವರಿಗೆ, ಕಾಯಿಲೆಯವರಿಗೆ ಅದು ಎಷ್ಟು ದೊಡ್ಡ ಬಿಡುಗಡೆ ಅನ್ನುವುದನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಲಕ್ವ ಹೊಡೆದು ಬಲಗೈ ಸೋತಿದ್ದ ಒಬ್ಬರಿಗೆ ಎಡಗೈಗೆ ಬ್ರಶ್ ಕೊಟ್ಟೆವು. 'ನನಗೆ ಚಿತ್ರ ಬರಲ್ಲ ಸಿಸ್ಟರ್' ಅಂದರು. ಚಿತ್ರ ಬೇಡ, ಈ ಹಳದಿಯನ್ನು ಈ ಕಡೆಯಿಂದ ಆ ಕಡೆಗೆ ತಗೊಂಡು ಹೋಗಿ ಸಾಕು ಅಂದೆ. ಊಟದ ಹೊತ್ತಾದರೂ ಬ್ರಶ್ ಬಿಡಲಿಲ್ಲ. ಹಳದಿಯ ಪಕ್ಕ ಹಳದಿ, ಅದರ ಮೇಲೆ ಇನ್ನೊಂದಿಷ್ಟು ತೆಳು ಹಳದಿ. ಸಂಜೆ ನೋಡಲು ಬಂದ ಹೆಂಡತಿ ಪ್ರೀತಿಯಿಂದಲೇ ಕೇಳಿದರು, 'ಇದೇನ್ರೀ ಇದು?' ಅಷ್ಟೇ. ರೋಗಿ ಹಾಳೆಯನ್ನು ಮಗುಚಿಟ್ಟರು. ಮಾರನೇ ದಿನ ಬ್ರಶ್ ಮುಟ್ಟಲೇ ಇಲ್ಲ. ಪಾಪ, ಆಕೆಯದೇನೂ ತಪ್ಪಿಲ್ಲ. ನೀವು ಈಗ ಅದೇ ಪ್ರಶ್ನೆಯನ್ನು ಸಾವಿರಾರು ಓದುಗರಿಗೆ ಕೇಳುತ್ತಿದ್ದೀರಿ, ಅದೂ ಪದಗಳ ಲೆಕ್ಕ ಇಟ್ಟು.

ಇದು ನನ್ನೊಬ್ಬಳ ಅಭಿಪ್ರಾಯ ಏನಲ್ಲ. ಎಡ್ವರ್ಡ್ ಆಡಮ್‌ಸನ್ ಎಂಬ ಕಲಾವಿದರು 1946ರಿಂದ ಇಂಗ್ಲೆಂಡಿನ ನೆದರ್ನ್ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ ಚಿತ್ರಶಾಲೆ ನಡೆಸಿದರು. ಬಣ್ಣ, ಹಾಳೆ, ಜಾಗ ಕೊಡುವುದು, ಹತ್ತಿರ ಇರುವುದು, ಇದು ಅವರ ರೀತಿ. ರೋಗಿಯ ಚಿತ್ರಕ್ಕೆ ತಾವೇ ಅರ್ಥ ಹೇಳಲು ಅವರು ಹೋಗುತ್ತಿರಲಿಲ್ಲ. ಅಲ್ಲಿನ ಸಾವಿರಾರು ಚಿತ್ರಗಳು ಇವತ್ತಿಗೂ ಉಳಿದಿವೆ. ನಮ್ಮ ದೇಶದ ಅಮೂರ್ತ ಚಿತ್ರಕಾರ ವಿ.ಎಸ್. ಗಾಯತೊಂಡೆ ಅವರನ್ನೇ ನೋಡಿ. ಝೆನ್ ಬೌದ್ಧ ಚಿಂತನೆಯನ್ನು ಹಚ್ಚಿಕೊಂಡಿದ್ದ ಅವರು ಖಾಲಿ ಕ್ಯಾನ್ವಾಸಿನ ಮುಂದೆ ಬಹಳ ಹೊತ್ತು ಕೂರುತ್ತಿದ್ದರು. ವರ್ಷಕ್ಕೆ ಮುಗಿಸುತ್ತಿದ್ದದ್ದು ಬೆರಳೆಣಿಕೆಯಷ್ಟು. ಅವರ ಎಷ್ಟೋ ಚಿತ್ರಗಳಿಗೆ ಹೆಸರು ಕೂಡ ಇಲ್ಲ. ನಿಮ್ಮ 50 ಪದಗಳ ಷರತ್ತಿನಲ್ಲಿ ಗಾಯತೊಂಡೆ ಮೊದಲ ಸುತ್ತಿನಲ್ಲೇ ಔಟ್ ಅಲ್ವಾ?

ಇನ್ನೊಂದು ಮಾತು, ಇದನ್ನು ನರ್ಸ್ ಆಗಿ ಹೇಳುತ್ತೇನೆ. 'ವಾಸಿಯಾಗುತ್ತದೆ' ಅನ್ನುವ ಪದವನ್ನು ಲೇಖನ ತುಂಬಾ ಸಲೀಸಾಗಿ ಬಳಸಿದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 39 ಮಂದಿ ವಯಸ್ಕರು 45 ನಿಮಿಷ ಬಣ್ಣದ ಪೆನ್ನು, ಜೇಡಿಮಣ್ಣು, ಕಾಗದ ಹಿಡಿದು ಏನು ಬೇಕೋ ಅದು ಮಾಡಿದರು. ಅವರ ಎಂಜಲಿನಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು, ಸುಮಾರು ನಾಲ್ಕರಲ್ಲಿ ಮೂರು ಜನಕ್ಕೆ ಇಳಿದಿತ್ತು. ಮೊದಲು ಚಿತ್ರ ಬಿಡಿಸಿ ಗೊತ್ತಿದ್ದವರು, ಇಲ್ಲದವರು ಎಂಬ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಕೇಳಲು ಹಿತ. ಆದರೆ ಅವರೆಲ್ಲ ಆರೋಗ್ಯವಂತರು, ಸಂಖ್ಯೆಯೂ ಚಿಕ್ಕದು. ಉಳಿದ ಕಾಲುಭಾಗಕ್ಕೆ ಇಳಿಯಲಿಲ್ಲ ಅನ್ನುವುದನ್ನೂ ಜೊತೆಗೇ ಹೇಳಬೇಕು.

ಅಮೂರ್ತ ಚಿತ್ರ ಬಿಡಿಸಿದವರೆಲ್ಲ ನೆಮ್ಮದಿಯಾಗಿದ್ದರು ಅಂತಲೂ ಇಲ್ಲ. ಮಾರ್ಕ್ ರಾಥ್ಕೊ ಅವರ ದೊಡ್ಡ ದೊಡ್ಡ ಬಣ್ಣದ ಪಟ್ಟಿಗಳ ಮುಂದೆ ಜನ ಕಣ್ಣೀರು ಹಾಕಿದ್ದಾರೆ, ಹ್ಯೂಸ್ಟನ್ನಿನಲ್ಲಿ ಅವರ 14 ಚಿತ್ರಗಳಿರುವ ಪ್ರಾರ್ಥನಾ ಮಂದಿರಕ್ಕೆ ಧ್ಯಾನಕ್ಕೆಂದೇ ಬಂದು ಕೂರುತ್ತಾರೆ. ಆ ಮಂದಿರ 1971ರಲ್ಲಿ ತೆರೆಯಿತು. ರಾಥ್ಕೊ ಅದಕ್ಕೆ ಹಿಂದಿನ ವರ್ಷವೇ ತಮ್ಮ ಜೀವ ತೆಗೆದುಕೊಂಡಿದ್ದರು. ಪೆನ್ಸಿಲಿನಿಂದ ಚೌಕಳಿ ಗೆರೆಗಳನ್ನು ಎಳೆದು ತೆಳು ಬಣ್ಣ ತುಂಬುತ್ತಿದ್ದ ಆಗ್ನೆಸ್ ಮಾರ್ಟಿನ್ ಅವರಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇತ್ತು. ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದರು, ನಡುವೆ ಕೆಲವು ವರ್ಷ ಚಿತ್ರ ಬಿಟ್ಟಿದ್ದರೂ ಮತ್ತೆ ಬ್ರಶ್ ಹಿಡಿದರು, 92ನೇ ವಯಸ್ಸಿನವರೆಗೆ ಬದುಕಿದರು. ನಮ್ಮ ದೇಶದ ಕಲಾವಿದೆ ನಸ್ರೀನ್ ಮೊಹಮ್ಮದಿ ಕೊನೆಯ ವರ್ಷಗಳಲ್ಲಿ ನರಗಳ ಕಾಯಿಲೆಯಿಂದ ಮೈ ಹಿಡಿತ ತಪ್ಪುತ್ತಾ ಬಂದರೂ ಕೂದಲೆಳೆಯಷ್ಟು ತೆಳು ಗೆರೆಗಳನ್ನು ಎಳೆಯುತ್ತಲೇ ಇದ್ದರು. ಗೆರೆ ಕಾಯಿಲೆಯನ್ನು ನಿಲ್ಲಿಸಲಿಲ್ಲ. 1990ರಲ್ಲಿ, ಇನ್ನೂ 53 ವಯಸ್ಸಿಗೆ ಹೋಗಿಬಿಟ್ಟರು. ಬ್ರಶ್ ಕೊಡುವುದನ್ನು ಬ್ರಶ್ ಕೊಡುತ್ತದೆ, ಮಾತ್ರೆ ಕೊಡುವುದನ್ನು ಮಾತ್ರೆಯೇ ಕೊಡಬೇಕು. ನಿಮ್ಮ ಲೇಖನ ಓದಿ ಯಾರಾದರೂ ಖಿನ್ನತೆಯ ಮಾತ್ರೆ ನಿಲ್ಲಿಸಿ ಬಣ್ಣದ ಡಬ್ಬಿ ತಂದರೆ ಗತಿ ಏನು?

ಹಾಗಾಗಿ ನನ್ನ ಕೋರಿಕೆ ಚಿಕ್ಕದು. ಸ್ಪರ್ಧೆ ಕೈಬಿಡಿ. ಈಗಾಗಲೇ ಚಿತ್ರಗಳು ಬಂದಿದ್ದರೆ ಬಂದದ್ದರಲ್ಲಿ ಪುಟಕ್ಕೆ ಹಿಡಿಸುವಷ್ಟನ್ನು ಹೆಸರಿಲ್ಲದೆ, ವಿವರಣೆ ಇಲ್ಲದೆ ಹಾಕಿಬಿಡಿ. ಯಾವುದು ಮೊದಲು, ಯಾವುದು ಎರಡನೆಯದು ಅನ್ನೋ ರಗಳೆ ಬೇಡ. ಜೊತೆಗೆ, ವೈದ್ಯರ ಚಿಕಿತ್ಸೆಯಲ್ಲಿ ಇರುವವರು ಅದನ್ನು ಮುಂದುವರಿಸಬೇಕು ಎಂಬ ಒಂದು ಸಾಲು, ದಪ್ಪ ಅಕ್ಷರದಲ್ಲಿ. ನನ್ನ ಚಿತ್ರ ಕಳಿಸುತ್ತಿಲ್ಲ, ಅದರ ಹಿಂಬದಿಯಲ್ಲಿ ಆಗಲೇ ಇನ್ನೊಂದು ಶುರು ಮಾಡಿದ್ದೇನೆ. ಒಳ್ಳೆಯ ಹಾಳೆ ದುಬಾರಿ ಸ್ವಾಮಿ.

ಇಂತಿ,
ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಳ್ಳುವ ಒಬ್ಬ ನಿವೃತ್ತ ನರ್ಸ್