ಸಿಲಿಕೋನ್ ಮೆತ್ತಿದ ಮಾತ್ರಕ್ಕೆ ನೀರು ನಿಲ್ಲದು

ಮಾನ್ಯ ಸಂಪಾದಕರೇ,

ಪಂಪು, ತೋಟದ ದೀಪ, ಗೇಟಿನ ಮೋಟಾರುಗಳಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲೇ ಜಂಕ್ಷನ್ ಬಾಕ್ಸ್ (ವೈರುಗಳನ್ನು ಜೋಡಿಸುವ ಪೆಟ್ಟಿಗೆ) ಮಾಡಿಕೊಳ್ಳುವವರು ಬಹಳ. ತೂತು ಕೊರೆದು, ವೈರ್ ತೂರಿಸಿ, ಸುತ್ತ ಸಿಲಿಕೋನ್ ಮೆತ್ತಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಅಪಾಯಕಾರಿ. ಡಬ್ಬಿಯ ಮೇಲೆ ಐಪಿ65 (ಧೂಳು, ನೀರಿನ ಸಿಂಚನ ತಡೆಯುವ ದರ್ಜೆ) ಎಂದು ಅಚ್ಚಾಗಿದ್ದರೂ, ತೂತು ಕೊರೆದ ಕ್ಷಣಕ್ಕೆ ಆ ಭರವಸೆ ಹೋಯಿತು.

ತಿಂಡಿ ಡಬ್ಬಿಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್. ಅದಕ್ಕೆ ಸಿಲಿಕೋನ್ ಸರಿಯಾಗಿ ಅಂಟುವುದೇ ಇಲ್ಲ. ಕೇಬಲ್ ಒಮ್ಮೆ ಅಲುಗಿದರೆ ಅಂಚು ಬಿಟ್ಟುಕೊಳ್ಳುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಆದರೆ ಅದರ ಆಮ್ಲ ತಾಮ್ರವನ್ನೂ ತಿನ್ನುತ್ತದೆ. ಹಚ್ಚಲೇಬೇಕಿದ್ದರೆ ಈ ಆಮ್ಲ ಬಿಡದ ನ್ಯೂಟ್ರಲ್ ಕ್ಯೂರ್ ಬಗೆಯದನ್ನು ಬಳಸಿ.

ಸರಿಯಾದ ದಾರಿ ಕೇಬಲ್ ಗ್ಲ್ಯಾಂಡ್, ಅಂದರೆ ತೂತಿಗೆ ಕೂರಿಸುವ, ಒಳಗಿನ ರಬ್ಬರ್ ಉಂಗುರ ಕೇಬಲ್ ಸುತ್ತ ಬಿಗಿದು ನೀರು ತಡೆಯುವ ಬಿಡಿಭಾಗ. ಮೊದಲು ಕೇಬಲ್ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಗ್ಲ್ಯಾಂಡಿನ ಅಳತೆಗಳಲ್ಲಿ ಪಿಜಿ9 ಸಾಮಾನ್ಯವಾಗಿ 4ರಿಂದ 8 ಮಿ.ಮೀ., ಪಿಜಿ11 5ರಿಂದ 10 ಮಿ.ಮೀ. ಕೇಬಲ್ಲನ್ನು ಹಿಡಿಯುತ್ತದೆ, ತಯಾರಕರ ಪಟ್ಟಿ ನೋಡಿಯೇ ಕೊಳ್ಳಿ. ಎಂ20 (20 ಮಿ.ಮೀ. ಮರೆಯ) ಗ್ಲ್ಯಾಂಡ್‌ಗೆ ತೂತು 20 ಮಿ.ಮೀ.ಗಿಂತ ಕೂದಲೆಳೆಯಷ್ಟೇ ಹೆಚ್ಚಿರಲಿ. ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಡ್ರಿಲ್ ಬಿಟ್‌ನಲ್ಲಿ ಕೊರೆದರೆ ಪ್ಲಾಸ್ಟಿಕ್ ಬಿರಿಯುವುದು ಕಡಿಮೆ. ಅಂಚಿನ ಸಿಬಿರನ್ನು ಚಾಕುವಿನಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ವಾಷರ್ ಸಮನಾಗಿ ಕೂರದು. ರಬ್ಬರ್ ವಾಷರ್ ಡಬ್ಬಿಯ ಹೊರಗೆ, ನಟ್ ಒಳಗೆ. ತಿರುಗಿಸಿ ಹಾಕಿದವರು ಬಹಳ ಮಂದಿ.

ಒಂದೇ ಗ್ಲ್ಯಾಂಡಿನಲ್ಲಿ ಎರಡು ವೈರ್ ತುರುಕಬೇಡಿ. ದುಂಡು ರಬ್ಬರ್ ಎರಡರ ನಡುವಿನ ಸಂದನ್ನು ಮುಚ್ಚಲಾರದು. ಸಬ್‌ಮರ್ಸಿಬಲ್ ಪಂಪಿನ ಚಪ್ಪಟೆ ಕೇಬಲ್ಲಿಗೂ ಇದೇ ಮಾತು. ಅದಕ್ಕೆ ಚಪ್ಪಟೆ ರಂಧ್ರದ ರಬ್ಬರ್ ಬೇಕು. ಬಳಸದ ತೂತಿಗೆ ಟೇಪಲ್ಲ, ಪ್ಲಗ್.

ತೂತು ಡಬ್ಬಿಯ ತಳದಲ್ಲಿರಲಿ, ಮೇಲೆ ಬೇಡವೇ ಬೇಡ. ಒಳಹೋಗುವ ಮುನ್ನ ಕೇಬಲ್ ಕೆಳಗೆ ಜೋಲಿ ಬಿದ್ದು ಮತ್ತೆ ಮೇಲೇರಬೇಕು. ಕೇಬಲ್ ಗುಂಟ ಹರಿದ ಮಳೆನೀರು ಆ ಜೋಲಿಯಿಂದಲೇ ತೊಟ್ಟಿಕ್ಕುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಳಗೆ ಹನಿ ಕಂಡರೆ ಗ್ಲ್ಯಾಂಡನ್ನು ದೂರಬೇಡಿ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿ ತಣಿದಾಗ ಡಬ್ಬಿ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ತೇವವೇ ಡಬ್ಬಿಯ ಒಳಗೋಡೆಗೆ ತಾಗಿ ಹನಿಯಾಗುತ್ತದೆ. ಮಳೆಗಷ್ಟೇ ಒಡ್ಡಿದ ಡಬ್ಬಿಯಾದರೆ ತಳದ ಅತಿ ತಗ್ಗಿನಲ್ಲಿ 3 ಮಿ.ಮೀ. ತೂತು ಕೊರೆದು ಇರುವೆ ಹೋಗದಂತೆ ಜಾಲರಿ ಹಾಕಿ. ನೀರು ನಿಲ್ಲುವ ಅಥವಾ ಪೈಪಿನಿಂದ ತೊಳೆಯುವ ಜಾಗದಲ್ಲಿ ಇದು ಸಲ್ಲದು; ಅಲ್ಲಿ ಗಾಳಿ ಬಿಟ್ಟು ನೀರು ತಡೆಯುವ ಪೊರೆಯ ವೆಂಟ್ ಪ್ಲಗ್ ಬೇಕು.

ವಿದ್ಯುತ್ ಜೋಡಿಸುವ ಮೊದಲೇ ಪರೀಕ್ಷಿಸಿ. ತುದಿ ಮುಚ್ಚಿದ ಕೇಬಲ್ ತುಂಡುಗಳನ್ನು ಗ್ಲ್ಯಾಂಡಿಗೆ ಹಾಕಿ, ಡಬ್ಬಿಯೊಳಗೆ ಒಣ ಟಿಶ್ಯೂ ಕಾಗದ ಹಾಸಿ, 10 ನಿಮಿಷ ನೀರು ಸಿಂಪಡಿಸಿ, ಹೊರಮೈ ಒರೆಸಿ ತೆರೆಯಿರಿ. ಗ್ಲ್ಯಾಂಡಿನ ಬುಡದಲ್ಲಿ ಕಾಗದ ನೆನೆದಿದ್ದರೆ ವಾಷರ್ ಕೂತಿಲ್ಲ. ಅಂಚಿನಲ್ಲಿ ನೆನೆದಿದ್ದರೆ ಮುಚ್ಚಳದ ಗ್ಯಾಸ್ಕೆಟ್ ನೋಡಿ.

ಇಂತಿ,
ಒಬ್ಬ ಓದುಗ