ಇಸಿಜಿ ಸರಿಯಿದ್ದರೆ ಗ್ಯಾಸ್ಟ್ರಿಕ್ಕೇ?

ಮಾನ್ಯ ಸಂಪಾದಕರೇ,

ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಕಳೆದ ರಾಜ್ಯೋತ್ಸವದ ಹೊತ್ತಿಗೆ ಸ್ಮರಣ ಸಂಚಿಕೆಗಳ ಕೆಲಸ ಮೈಮೇಲೆ ಬಿದ್ದಿತ್ತು. ಒಂದು ರಾತ್ರಿ ಯಾವುದೋ ಸಂಘದ ಅಧ್ಯಕ್ಷರ ಸಂದೇಶದ ಮೂರನೆಯ ಕರಡು ನೋಡುತ್ತಿದ್ದಾಗ ಎದೆ ನಗಾರಿಯಂತೆ ಬಡಿದುಕೊಂಡಿತು. ಬೆರಳುಗಳಿಗೆ ಜೋಮು ಹಿಡಿಯಿತು, ಒತ್ತಕ್ಷರಗಳು ಸಾಲು ಬಿಟ್ಟು ಓಡಾಡಿದವು. ಸತ್ತೇ ಹೋಗುತ್ತೇನೆ ಎಂದುಕೊಂಡೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಇಳಿದಿತ್ತು. ಇಸಿಜಿ ಸರಿಯಿದೆ, ಗ್ಯಾಸ್ಟ್ರಿಕ್ ಇರಬೇಕು ಎಂದು ಮಾತ್ರೆ ಕೊಟ್ಟು ಕಳಿಸಿದರು. ಎರಡು ತಿಂಗಳಲ್ಲಿ ಮೂರು ಇಸಿಜಿ, ಮೂರು ಸಲವೂ ಗ್ಯಾಸ್ಟ್ರಿಕ್. ನಮ್ಮೂರಿನಲ್ಲಿ ಹೆಸರು ತಿಳಿಯದ ಸಂಕಟಕ್ಕೆಲ್ಲ ಅದೇ ಹೆಸರು.

ಅದು ಪ್ಯಾನಿಕ್ ಡಿಸಾರ್ಡರ್, ಅಂದರೆ ದಿಢೀರನೆ ವಿಪರೀತ ಭಯ ನುಗ್ಗಿ ಬರುವ ಆತಂಕದ ಕಾಯಿಲೆ ಎಂದು ಗೊತ್ತಾದದ್ದು ನಿಮ್ಹಾನ್ಸ್‌ನಲ್ಲಿ. ಮಿದುಳಿನ ಆಳದಲ್ಲಿ ಬಾದಾಮಿಯಾಕಾರದ ಅಮಿಗ್ಡಲಾ ಅಪಾಯದ ಸುಳಿವು ಸಿಕ್ಕರೆ ಎಚ್ಚರಿಸುತ್ತದೆ. ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ ಎಂದು ವೈದ್ಯರು ವಿವರಿಸಿದರು. ನಾನು ಅರ್ಥಮಾಡಿಕೊಂಡದ್ದು ಇಷ್ಟು: ಮನೆಯ ನಾಯಿ ಹಾಲಿನವನಿಗೂ ಬೊಗಳುತ್ತಿದೆ, ಗದರಬೇಕಾದ ಯಜಮಾನ ನಿದ್ದೆಗೆಟ್ಟು ತೂಕಡಿಸುತ್ತಿದ್ದಾನೆ. ಯಜಮಾನನ ನಿದ್ದೆ ಕೆಡಿಸಿದವನು ನಾನೇ. ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತಿದ್ದೆ. ಸಂಜೆ ಏಳಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ ನಡುರಾತ್ರಿಗೂ ಮೈಯಲ್ಲಿರುತ್ತದಂತೆ. ಅದರಿಂದ ಏರುವ ಎದೆಬಡಿತವನ್ನೇ ಹೆದರಿದ ಮನಸ್ಸು ಹೃದಯಾಘಾತವೆಂದು ಓದಿಕೊಳ್ಳುತ್ತದೆ.

ಈಗ ಎರಡೇ ಲೋಟ, ಎರಡೂ ಮಧ್ಯಾಹ್ನದೊಳಗೆ. ಬೆಳಿಗ್ಗೆ ಕೆಂಪಾಂಬುಧಿ ಕೆರೆಯ ಕಡೆ ಅರ್ಧ ಗಂಟೆ ನಡೆಯುತ್ತೇನೆ. ಇದನ್ನು ಕಂಡ ನೆಂಟರು ‘ನೋಡಿ, ವಾಕಿಂಗ್ ಒಂದೇ ಸಾಕಿತ್ತು’ ಎನ್ನುತ್ತಾರೆ. ಸಾಕಿರಲಿಲ್ಲ. ಮೊದಲ ತಿಂಗಳು ಬೀದಿಯ ತುದಿಗೆ ಒಬ್ಬನೇ ಹೋಗಲೂ ಭಯವಿತ್ತು. ಗುಣ ತೋರಲು ವಾರಗಳೇ ಹಿಡಿದ ಮಾತ್ರೆ, ಆ ಭಯವನ್ನು ಮಾತಿನಲ್ಲೇ ಬಿಡಿಸುತ್ತ ಹೋದ ಚಿಕಿತ್ಸೆ, ಇವೆರಡರ ನಂತರವೇ ಕಾಲು ಕೆರೆಯತ್ತ ಹೊರಟದ್ದು.

ಎದೆನೋವು ಎಂದು ಬಂದವರ ಹೃದಯವನ್ನು ಮೊದಲು ನೋಡಲೇಬೇಕು, ಅದರಲ್ಲಿ ತಕರಾರಿಲ್ಲ. ಪರೀಕ್ಷೆಗಳೆಲ್ಲ ಸರಿಯಿದ್ದೂ ಸಂಕಟ ಮರುಕಳಿಸುತ್ತಿದ್ದರೆ, ‘ಇದು ಆತಂಕದ ಕಾಯಿಲೆಯೂ ಇರಬಹುದು’ ಎಂದು ಹೇಳಿ, ಔಷಧಿ ಚೀಟಿಯ ಮೇಲೆ 14416 ಎಂದು ಬರೆದುಕೊಡಲಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ ಅದು. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬರೆಯಲು ಪುರುಸೊತ್ತಿಲ್ಲದ ವೈದ್ಯರು ಒಂದು ರಬ್ಬರ್ ಮೊಹರು ಮಾಡಿಸಿಕೊಳ್ಳಲಿ. ಕರಡನ್ನು ನಾನೇ ಪುಕ್ಕಟೆ ತಿದ್ದಿಕೊಡುತ್ತೇನೆ.

— ಒಬ್ಬ ಕರಡು ತಿದ್ದುವವ, ಗವಿಪುರ, ಬೆಂಗಳೂರು